ಎಮ್ಮೆ ಕಾಲುವೆಗೆ ಬಿದ್ದ ಮೇಲೆ

(ಸಂಪಾದಕರ ಉತ್ತರ)

ಗಂಗಾವತಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಕನ್ನಡ ಶಿಕ್ಷಕಿ ಬರೆದ ಪತ್ರ ಇದು. ಹೆಸರು ಹಾಕಬೇಡಿ ಅಂದಿದ್ದಾರೆ.

“ಒಂಬತ್ತನೇ ತರಗತಿಯ 42 ಮಕ್ಕಳಿಂದ ಕತೆ ಬರೆಸಿದೆ. ಮುಕ್ಕಾಲು ಪಾಲು ‘ಒಂದಾನೊಂದು ಊರಿನಲ್ಲಿ’ ಅಂತ ಶುರುವಾಗಿ ‘ನೀತಿ’ ಅಂತ ಮುಗಿದವು. ಒಬ್ಬ ಹುಡುಗ ಬರೆದದ್ದು ಇಷ್ಟೇ: ‘ನಮ್ಮ ಎಮ್ಮೆ ಕಾಲುವೆಗೆ ಬಿದ್ದಿತು. ಊರವರೆಲ್ಲ ಸೇರಿ ಮೇಲೆತ್ತಿದರು. ನೀತಿ: ಒಗ್ಗಟ್ಟಿನಲ್ಲಿ ಬಲವಿದೆ.’ ಇಂಟರ್ನೆಟ್ಟಿನಲ್ಲಿ ಕತೆ ಕಟ್ಟುವ ಬಗ್ಗೆ ಬೆಟ್ಟದ ಆಕಾರದ ಒಂದು ನಕ್ಷೆ ಸಿಕ್ಕಿತು. ಬೋರ್ಡಿನ ಮೇಲೆ ಬರೆದೆ. ಮಕ್ಕಳು ಅಂದವಾಗಿ ನೋಟ್ಸಿಗೆ ಇಳಿಸಿಕೊಂಡು ಸುಮ್ಮನೆ ಕೂತರು. ಕತೆ ಕಟ್ಟೋದನ್ನು ಕಲಿಸುವ ಚಾರ್ಟು, ವರ್ಕ್‌ಶೀಟು ಕನ್ನಡದಲ್ಲಿ ಎಲ್ಲಿ ಸಿಗುತ್ತವೆ?”

ಅಕ್ಕೋರೇ,

ಮಕ್ಕಳು ನಿಮ್ಮನ್ನು ಹಾಗೇ ಕರೆಯುತ್ತಾರಂತೆ, ನಾನೂ ಹಾಗೇ ಕರೆಯುತ್ತೇನೆ. ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಮೇಜಿನ ಮೇಲಿದ್ದ ಕತೆಗಳ ಕಟ್ಟು ನೋಡಿ ನಗು ನಿಂತಿತು. ನಮಗೆ ಬರುವ ದೊಡ್ಡವರ ಕತೆಗಳೂ ಹೀಗೇ ಇರುತ್ತವೆ. ‘ನೀತಿ’ ಅಂತ ಬರೆದಿರುವುದಿಲ್ಲ, ಕೊನೆಯ ಪ್ಯಾರಾದಲ್ಲಿ ಅದನ್ನೇ ಮೂರು ಸಲ ತಿರುಗಿಸಿ ಹೇಳಿರುತ್ತಾರೆ.

ಚಾರ್ಟಿನ ಮಾತು ಆಮೇಲೆ. ಮೊದಲು ಎಮ್ಮೆ. ಪತ್ರ ಮುಗಿಸಿ, ಸಹಿ ಹಾಕಿ, ಅದರ ಕೆಳಗೆ ಸಣ್ಣಕ್ಷರದಲ್ಲಿ ನೀವು ಸೇರಿಸಿದ ಎರಡು ಸಾಲು ನನಗೆ ಮಿಕ್ಕಿದ್ದಕ್ಕಿಂತ ಜಾಸ್ತಿ ಹಿಡಿಸಿತು. ಊಟದ ಬಿಡುವಿನಲ್ಲಿ ಆ ಹುಡುಗನನ್ನು ಕೇಳಿದಿರಂತೆ. ಎಮ್ಮೆ ಕಾಯೋಕೆ ಹೇಳಿದ್ದು ಅವನಿಗೇ. ಅವನು ಕಾಲುವೆ ಸೇತುವೆಯ ಕಟ್ಟೆ ಮೇಲೆ ಕೂತು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಅಜ್ಜನಿಗೆ ಮಾತ್ರ ‘ಕಣ್ಣಿ ಹರಕಂಡು ಓಡಿ ಹೋತಜ್ಜ’ ಅಂದ.

ನೋಡಿ, ಕತೆ ಅಲ್ಲಿದೆ. ಅವನು ಅದನ್ನು ನಿಮಗೆ ಬಾಯಲ್ಲಿ ಹೇಳಿದ, ನೋಟ್‌ಬುಕ್ಕಿನಲ್ಲಿ ಬಿಟ್ಟ. ಬರೆಯೋಕೆ ಬರೋದಿಲ್ಲ ಅಂತಲ್ಲ. ನೋಟ್‌ಬುಕ್ಕು ಅಂದರೆ ಒಳ್ಳೆಯವನಾಗಿ ಕಾಣಿಸಬೇಕಾದ ಜಾಗ ಅಂತ ಅವನಿಗೆ ಗೊತ್ತು. ಅದನ್ನು ಕಲಿಸಿದವರು ನಾವೇ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಕತೆಯಲ್ಲಿ ಅಜ್ಜಿಯ ಬಾಯಲ್ಲಿ ‘ಎಲ್ಲಿಗೆ ಹೊಂಟೀಯೋ ಮೂಳ’ ಅನ್ನಿಸಿದ್ದೆ. ಮೇಷ್ಟ್ರು ಅದಕ್ಕೆ ಕೆಂಪು ಗೀಟು ಹಾಕಿ ‘ಮಗನೇ, ಎಲ್ಲಿಗೆ ಹೋಗುತ್ತಿರುವೆ?’ ಅಂತ ತಿದ್ದಿದ್ದರು. ನಮ್ಮಜ್ಜಿ ಹಾಗೆ ಮಾತಾಡಿದ್ದರೆ ಮನೆಯವರೆಲ್ಲ ಹೆದರಿ ಡಾಕ್ಟರನ್ನು ಕರೆಸುತ್ತಿದ್ದರು. ಅದಾದ ಮೇಲೆ ಎಷ್ಟೋ ವರ್ಷ ನಾನು ಕತೆ ಬರೆಯಲಿಲ್ಲ.

ಈಗ ಬೆಟ್ಟದ ನಕ್ಷೆ. ಅದು ಗುಸ್ತಾವ್ ಫ್ರೈಟಾಗ್ ಅನ್ನೋ ಜರ್ಮನ್ ಲೇಖಕ 1863ರಲ್ಲಿ ಹಾಕಿದ ಲೆಕ್ಕ. ಅವನ ಮುಂದೆ ಇದ್ದದ್ದು ಐದು ಅಂಕದ ನಾಟಕಗಳು. ಪೀಠಿಕೆ, ಏರು, ತುದಿ, ಇಳಿತ, ಕೊನೆಗೆ ದುರಂತ. ನಮ್ಮ ನಾಟ್ಯಶಾಸ್ತ್ರದಲ್ಲೂ ಐದು ಹಂತಗಳಿವೆ: ಆರಂಭ, ಪ್ರಯತ್ನ, ಪ್ರಾಪ್ತ್ಯಾಶೆ, ನಿಯತಾಪ್ತಿ, ಫಲಾಗಮ. ಅದು ದುರಂತದಲ್ಲಿ ಮುಗಿಯುವುದಿಲ್ಲ, ಬಯಸಿದ ಫಲ ಕೈಗೆ ಸಿಗುವಲ್ಲಿ ಮುಗಿಯುತ್ತದೆ. ಎರಡೂ ಒಳ್ಳೆಯವೇ. ಆದರೆ ಎರಡೂ ದೊಡ್ಡ ನಾಟಕಕ್ಕೆ ಹೊಲಿದ ಅಂಗಿ. ಹದಿನಾಲ್ಕರ ಹುಡುಗ ಬರೆಯುವ ಒಂದೂವರೆ ಪುಟಕ್ಕೆ ಅದನ್ನು ತೊಡಿಸಿದರೆ ದೊಡ್ಡಾಟದ ಕಿರೀಟವನ್ನು ಕೂಸಿನ ತಲೆಗೆ ಇಟ್ಟ ಹಾಗಾಗುತ್ತದೆ. ಮುಖವೇ ಕಾಣೋದಿಲ್ಲ. ಬರೆದು ಮುಗಿಸಿದ ಮೇಲೆ, ಕತೆ ಎಲ್ಲಿ ಸಪ್ಪೆ ಆಯಿತು ಅಂತ ಹುಡುಕೋಕೆ ನಕ್ಷೆ ಬೇಕು. ಶುರುವಿಗೆ ಬೇಡ.

ಶುರುವಿಗೆ ಏನು? ಕುಮ್ಮಟದುರ್ಗ ನಿಮಗೆ ದೂರವಿಲ್ಲ, ಅಲ್ವಾ? ಕುಮಾರರಾಮನ ಕತೆ ತಗೊಳ್ಳಿ. ಅಲ್ಲಿ ಆಳಿದ ಕಂಪಿಲರಾಯನ ಮಗ ರಾಮ ಚೆಂಡಾಡುತ್ತಿದ್ದಾನೆ. ಚೆಂಡು ಹೋಗಿ ಮಲತಾಯಿ ರತ್ನಾಜಿಯ ಅರಮನೆಯಲ್ಲಿ ಬೀಳುತ್ತದೆ. ತರೋಕೆ ಹೋಗುತ್ತಾನೆ. ಅವಳು ಮೋಹಿಸುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ. ಅವಳು ಗಂಡನ ಹತ್ತಿರ ಸುಳ್ಳು ದೂರು ಹೇಳುತ್ತಾಳೆ. ಮಗನ ತಲೆ ತೆಗೆಯಿರಿ ಅಂತ ರಾಜನ ಅಪ್ಪಣೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಬಚ್ಚಿಟ್ಟು, ಕೊಂದೆ ಅಂತ ಸುಳ್ಳು ಹೇಳುತ್ತಾನೆ. ಅಷ್ಟರಲ್ಲಿ ದೆಹಲಿ ಸೈನ್ಯ ಬರುತ್ತದೆ. ಮಗನಿದ್ದಿದ್ದರೆ ಅಂತ ರಾಜ ಅಳುವಾಗ ಬೈಚಪ್ಪ ನೆಲಮನೆಯ ಬಾಗಿಲು ತೆಗೆಯುತ್ತಾನೆ. (ರತ್ನಾಜಿಯ ಭಾಗ ಕ್ಲಾಸಿನಲ್ಲಿ ಹೇಗೆ ಹೇಳೋದು ಅಂತ ಮುಜುಗರ ಬೇಡ. ಮೇಲೆ ಹೇಳಿದಷ್ಟು ಸಾಕು. ಮಕ್ಕಳು ಬಯಲಾಟದಲ್ಲಿ ಇದಕ್ಕಿಂತ ಜಾಸ್ತಿ ಕೇಳಿರುತ್ತಾರೆ.)

ಇದನ್ನು ನೀವು ಹೇಳಿ, ಓದಬೇಡಿ. ಆಮೇಲೆ ಒಂದೇ ಪ್ರಶ್ನೆ: ಕತೆ ತಿರುಗಿದ್ದು ಎಲ್ಲಿ? ಒಬ್ಬರು ಚೆಂಡು ಅನ್ನುತ್ತಾರೆ. ಇನ್ನೊಬ್ಬರು ಅಲ್ಲ, ರಾಮ ‘ಒಲ್ಲೆ’ ಅಂದದ್ದು ಅನ್ನುತ್ತಾರೆ. ಹಿಂದಿನ ಬೆಂಚಿನಿಂದ ಒಬ್ಬಳು ಬೈಚಪ್ಪನ ಸುಳ್ಳು ಅಂದರೆ ಆ ದಿನ ನಿಮ್ಮ ಪೀರಿಯಡ್ ಗೆದ್ದಿತು. ಜಗಳ ಬಿಡಿಸಬೇಡಿ. ಬೋರ್ಡಿನ ಮೇಲೆ ಮೂರೇ ಮಾತು ಬರೆಯಿರಿ: ಚೆಂಡು, ಒಲ್ಲೆ, ನೆಲಮನೆ. ಬೀಳಬಾರದ ಜಾಗದಲ್ಲಿ ಬಿದ್ದದ್ದು ಏನು? ಯಾರು ಏನನ್ನು ಒಲ್ಲೆ ಅಂದರು? ಯಾರು ಏನನ್ನು ಬಚ್ಚಿಟ್ಟರು? ನನ್ನ ಮಟ್ಟಿಗೆ ಒಂಬತ್ತನೇ ತರಗತಿಗೆ ಇಷ್ಟು ಚೌಕಟ್ಟು ಸಾಕು. ಬಚ್ಚಿಟ್ಟದ್ದನ್ನು ಯಾವಾಗ ಹೊರಗೆ ಬಿಡಬೇಕು ಅನ್ನೋದೊಂದು ಗೊತ್ತಾದರೆ ಉಳಿದ ಏರು ಇಳಿತ ತಾನಾಗಿ ಬರುತ್ತದೆ.

ಎಮ್ಮೆ ಕತೆಗೆ ಇದನ್ನು ಹಚ್ಚಿ ನೋಡಿ. ನೆಲಮನೆಯಲ್ಲಿ ಇರೋದು ಮೊಬೈಲು. ಹಾಗಾದರೆ ದೆಹಲಿ ಸೈನ್ಯ ಯಾರು? ಕಾಲುವೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಾ ಎಲ್ಲಾ ನೋಡಿದ ಪಕ್ಕದ ಮನೆ ಅತ್ತೆಯಾ? ಹರಿಯದೇ ಉಳಿದ ಕಣ್ಣಿಯನ್ನು ಕೈಯಲ್ಲಿ ಹಿಡಿದು ನೋಡುವ ಅಜ್ಜನಾ? ಹುಡುಗನನ್ನೇ ಕೇಳಿ. ಅವನಿಗೆ ನಿಮಗಿಂತ, ನನಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಇನ್ನು ‘ಅವನಿಗೆ ತುಂಬಾ ದುಃಖವಾಯಿತು’, ‘ಅವಳಿಗೆ ಆನಂದವೋ ಆನಂದ’ ಅನ್ನೋ ಸಾಲುಗಳ ಕಾಟ. ಇದಕ್ಕೆ ಮದ್ದು ನಿಮ್ಮ ಜಿಲ್ಲೆಯಲ್ಲೇ ಇದೆ, ತೊಗಲುಗೊಂಬೆ. ಅದನ್ನು ಆಡಿಸುವ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಮಕ್ಕಳಿಗೂ ಗೊತ್ತಿರಬಹುದು. ಹಳೇ ನೋಟ್‌ಬುಕ್ಕಿನ ರಟ್ಟು ಕತ್ತರಿಸಿ ಗೊಂಬೆ ಮಾಡಿಸಿ. ಪೊರಕೆ ಕಡ್ಡಿಗೆ ಅಂಟಿಸಿ. ಬಿಳೀ ಪಂಚೆ ಕಟ್ಟಿ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಡಿ. ಆರಾರು ಮಕ್ಕಳ ಏಳು ಗುಂಪಾದರೆ 42 ಜನಕ್ಕೂ ಕೆಲಸ. ಈಗ ನೋಡಿ ಮಜಾ. ರಟ್ಟಿನ ಗೊಂಬೆಗೆ ದುಃಖಪಡೋಕೆ ಬರೋದಿಲ್ಲ. ಬಾಗಬಹುದು, ತಿರುಗಿ ನಿಲ್ಲಬಹುದು, ಮಾತಾಡಬಹುದು, ಪರದೆಯಿಂದ ಹೊರಗೆ ಹೋಗಬಹುದು. ಅಷ್ಟೇ. ಅಜ್ಜ ಸಿಟ್ಟಾದ ಅನ್ನೋದನ್ನು ತೋರಿಸೋದು ಹೇಗೆ ಅಂತ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಕೊನೆಗೆ ಯಾರೋ ಒಬ್ಬರು ಅಜ್ಜನ ಗೊಂಬೆಯನ್ನು ಮೊಮ್ಮಗನ ಕಡೆ ತಿರುಗಿಸದೆ ಎಮ್ಮೆಯ ಕಡೆಗೇ ನಿಲ್ಲಿಸಿ ಮಾತಾಡಿಸುತ್ತಾರೆ. ಆ ಸಾಲನ್ನು ಅಲ್ಲೇ ಬರೆಸಿ. ಒಂದು ಮಾತು, ಇದನ್ನು ಬೇಸಿಗೆಗೆ ಇಟ್ಟುಕೊಳ್ಳಬೇಡಿ. ಗಂಗಾವತಿಯ ಬಿಸಿಲಲ್ಲಿ ಕಿಟಕಿ ಮುಚ್ಚಿದರೆ ಎಲ್ಲರೂ ಬೆಂದು ಹೋಗುತ್ತೀರಿ.

ಏನೂ ಹೊಳೆಯದೆ ಕೂರುವ ಮಕ್ಕಳಿಗೆ ಇಟಲಿಯ ಜಾನ್ನಿ ರೊದಾರಿಯ ಆಟ ಒಂದಿದೆ. ಮೇಷ್ಟ್ರಾಗಿದ್ದವರು, 1970ರಲ್ಲಿ ಮಕ್ಕಳ ಸಾಹಿತ್ಯಕ್ಕೆ ಆಂಡರ್ಸನ್ ಪ್ರಶಸ್ತಿ ಪಡೆದವರು. ಬೋರ್ಡಿನ ಮುಂದೆ ಒಬ್ಬರು ಒಂದು ಪದ, ಹಿಂದೆ ಇನ್ನೊಬ್ಬರು ಕಾಣದಂತೆ ಇನ್ನೊಂದು ಪದ ಬರೆಯಬೇಕು. ಎರಡನ್ನೂ ಸೇರಿಸಿ ಕತೆ. ನಿಮ್ಮಲ್ಲಿ ಬೋರ್ಡು ಗೋಡೆಗೆ ಅಂಟಿದ್ದರೆ ಚೀಟಿ ಸಾಕು. ‘ರೈಸ್ ಮಿಲ್ಲು’ ಮತ್ತು ‘ಚಂದ್ರ’ ಒಟ್ಟಿಗೆ ಬಂದರೆ ‘ಒಂದಾನೊಂದು ಊರಿನಲ್ಲಿ’ ಅಂತ ಶುರು ಮಾಡೋದು ಕಷ್ಟ.

ನೀವು ಕೇಳಿದ ಸಿದ್ಧ ಸಾಮಗ್ರಿ ಬಗ್ಗೆ ಹೇಳದೆ ಬಿಟ್ಟರೆ ಬೈತೀರಿ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಅನ್ನೋ ವೆಬ್‌ಸೈಟಿನಲ್ಲಿ ಚಿತ್ರಗಳಿರುವ ಕನ್ನಡ ಕತೆಗಳು ಪುಕ್ಕಟೆ ಸಿಗುತ್ತವೆ. ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ಬೇರೆ ನುಡಿಗೆ ತಿರುಗಿಸಲೂ ಅನುಮತಿ ಇದೆ. ಒಂಬತ್ತನೇ ತರಗತಿಯ ಮಕ್ಕಳು ‘ಇವು ಸಣ್ಣೋರವು’ ಅಂತ ಮೂಗು ಮುರಿಯುತ್ತಾರೆ. ಕೊನೆಯ ಎರಡು ಪುಟ ಮುಚ್ಚಿಟ್ಟು, ‘ನಿಮ್ಮ ತಮ್ಮ ತಂಗಿಗೆ ನಿಮ್ಮೂರ ಮಾತಲ್ಲಿ ಇದನ್ನು ಮುಗಿಸಿ ಕೊಡಿ’ ಅನ್ನಿ, ಆಗ ಬಗ್ಗುತ್ತಾರೆ. ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ಮಕ್ಕಳಿಗೆ ಸದಸ್ಯತ್ವಕ್ಕೆ ದುಡ್ಡಿಲ್ಲ, ಅಲ್ಲಿನ ಪುಸ್ತಕಗಳಿಗೂ ಇದೇ ಉಪಾಯ ನಡೆಯುತ್ತದೆ. ಸಮಯ ಎಲ್ಲಿದೆ ಅನ್ನುತ್ತೀರಾ? ವರ್ಷಕ್ಕೆ ನಾಲ್ಕು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಇವೆಯಲ್ಲ, ಒಂದರ ಚಟುವಟಿಕೆಗೆ ಇದನ್ನೇ ಹಾಕಿಕೊಳ್ಳಿ. ಅಂಕವನ್ನು ಮೊದಲ ಬರಹಕ್ಕೆ ಕೊಡಬೇಡಿ, ತಿದ್ದಿ ಬರೆದ ಎರಡನೆಯದಕ್ಕೆ ಕೊಡಿ. ಮಾತುಗಳು ಮನೆಯ ಕನ್ನಡದಲ್ಲೇ ಇರಲಿ, ಕೆಂಪು ಪೆನ್ನು ಅಲ್ಲಿಗೆ ಹೋಗದಿರಲಿ. ‘ನೀತಿ’ ಅಂತ ಬರೆದವರಿಗೆ ಒಂದು ಅಂಕ ಕಡಿಮೆ ಅಂತ ಮೊದಲೇ ಹೇಳಿಬಿಡಿ. ನಾನಾಗಿದ್ದರೆ ಎರಡು ಕಳೆಯುತ್ತಿದ್ದೆ.

ಎಮ್ಮೆ ಕತೆ ತಿದ್ದಿಸಿ ಕಳಿಸಿ. ಹುಡುಗ ಒಪ್ಪಿದರೆ ಮಾತ್ರ, ಮತ್ತು ಅವನ ಅಜ್ಜ ನಮ್ಮ ಪತ್ರಿಕೆ ಓದುವವರಲ್ಲ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅಂದ ಹಾಗೆ, ಎಮ್ಮೆ ಈಗ ಹೇಗಿದೆ? ಅದನ್ನು ನೀವೂ ಬರೆದಿಲ್ಲ.