ಪುಸ್ತಕ ಆಮೇಲೆ, ಮೊದಲು ತಮ್ಮನಿಗೆ ಫೋನ್ ಮಾಡಿ

ಬೆಂಗಳೂರಿನಲ್ಲಿ ಒಬ್ಬರೇ ಯೋಮ್ ಕಿಪ್ಪುರ್, ನಮ್ಮ ಯಹೂದಿಗಳ ಉಪವಾಸ ಮತ್ತು ತಪ್ಪೊಪ್ಪಿಗೆಯ ಹಬ್ಬ, ಆಚರಿಸಬೇಕು, ಹತ್ತಿರ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಇಲ್ಲ, ಯಾವ ಪ್ರಾರ್ಥನೆ ಪುಸ್ತಕ ಓದಿ ಮನಸ್ಸು ಸಿದ್ಧ ಮಾಡಿಕೊಳ್ಳಲಿ ಅಂತ ಕೇಳಿದ್ದೀರಿ. ತಮ್ಮನ ಜೊತೆ ಮಾತು ನಿಂತು ಹೋಗಿದೆ, ಅದಕ್ಕೇ ಒಬ್ಬರೇ ಅಂತ ನಡುವೆ ಒಂದು ಸಾಲು ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಾನೂ ಬೆನೆ ಇಸ್ರೇಲ್, ಅಂದರೆ ಮರಾಠಿ ಮಾತಾಡುವ ಭಾರತದ ಯಹೂದಿ ಸಮುದಾಯದವಳು. ಬೆಳೆದದ್ದು ಹುಬ್ಬಳ್ಳಿಯಲ್ಲಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲೂ ಬೀದಿಯಲ್ಲೂ ಕನ್ನಡ. ಈ ಹಬ್ಬವನ್ನು ನಮ್ಮ ಅಜ್ಜಿ ‘ದಾರ್‌ಫಾಲ್ನಿಚಾ ಸಣ್’ ಅನ್ನುತ್ತಿದ್ದಳು. ಬಾಗಿಲು ಹಾಕಿಕೊಂಡು, ಬಿಳಿ ಬಟ್ಟೆ ಉಟ್ಟು, ಇಡೀ ದಿನ ಮನೆಯೊಳಗೇ ಉಪವಾಸ. ಮರುದಿನ ‘ಶಿಳಾ ಸಣ್’, ಆವತ್ತು ಬಡವರಿಗೆ ದಾನ. ಮದುವೆಯಾಗಿ ಇಸ್ರೇಲಿನ ಅಶ್ದೋದ್‌ಗೆ ಬಂದ ಮೇಲೆ ನನಗೆ ಸಿನಗಾಗ್ ಮನೆ ಹತ್ತಿರವೇ ಸಿಕ್ಕಿತು. ನಿಮಗೆ ಕೊರತೆ ಅನ್ನಿಸುತ್ತಿರುವುದೆಲ್ಲ ನನಗಿತ್ತು. ಆದರೂ ಆ ವರ್ಷದ ಯೋಮ್ ಕಿಪ್ಪುರ್ ನನ್ನ ಪಾಲಿಗೆ ಕೆಟ್ಟುಹೋಯಿತು.

ಆಯಿ, ಅಂದರೆ ನಮ್ಮಮ್ಮ, ತೀರಿಕೊಂಡ ವರ್ಷ ಅದು. ಕೊನೆಯವರೆಗೂ ನೋಡಿಕೊಂಡವಳು ಹುಬ್ಬಳ್ಳಿಯಲ್ಲಿದ್ದ ಅಕ್ಕ. ಆಯಿಯ ಬಂಗಾರದ ಬಳೆ ಎಲ್ಲಿ ಅಂತ ಕೇಳಿದಾಗ ಅಕ್ಕ ಸರಿಯಾಗಿ ಉತ್ತರ ಕೊಡಲಿಲ್ಲ. ನಾನು ಮಾಮಾನಿಗೆ, ಇನ್ನಿಬ್ಬರು ನೆಂಟರಿಗೆ ‘ಅಕ್ಕ ಬಳೆ ಇಟ್ಟುಕೊಂಡಳು’ ಅಂತ ಹೇಳಿಬಿಟ್ಟೆ. ಆಮೇಲೆ ಗೊತ್ತಾಯಿತು, ಆಸ್ಪತ್ರೆ ಬಿಲ್ ಕಟ್ಟಲು ಆಯಿಯೇ ಮಾರಿಸಿದ್ದಳು. ಅದನ್ನು ಯಾರಿಗೂ ಹೇಳಬೇಡ ಅಂತಲೂ ಅಂದಿದ್ದಳಂತೆ.

ಅಷ್ಟರಲ್ಲಿ ಯಹೂದಿ ವರ್ಷದ ಕೊನೆಯ ತಿಂಗಳು ಎಲುಲ್ ಬಂತು. ನಮ್ಮದು ಸ್ಪೇನ್ ಮೂಲದ ಯಹೂದಿಗಳ ಸೆಫಾರ್ದಿ ಪದ್ಧತಿ ಅಲ್ವಾ, ತಿಂಗಳಿಡೀ ಸೆಲಿಹೋತ್, ಅಂದರೆ ಕ್ಷಮೆ ಬೇಡುವ ಪ್ರಾರ್ಥನೆ, ಇರುತ್ತದೆ. ಯುರೋಪಿನ ಅಶ್ಕೆನಾಜಿ ಯಹೂದಿಗಳ ಹಾಗೆ ನಮ್ಮ ಹೊಸವರ್ಷ ರೋಶ್ ಹಶನಾ ಹತ್ತಿರ ಬರುವವರೆಗೆ ಕಾಯುವುದಿಲ್ಲ. ನಾನು ಬೆಳಗಿನ ಜಾವ ಎದ್ದು ಹೋಗುತ್ತಿದ್ದೆ, ಅಳುತ್ತಿದ್ದೆ. ಆ ಅಳು ನಿಜವಾದದ್ದೇ. ಆದರೆ ಅಕ್ಕನಿಗೆ ಫೋನ್ ಮಾಡಲಿಲ್ಲ. ನಾಳೆ ಮಾಡೋಣ, ಶನಿವಾರದ ಶಬ್ಬಾತ್ ಕಳೆಯಲಿ, ಹಬ್ಬ ಹತ್ತಿರ ಬರಲಿ, ಹೀಗೇ ಮುಂದೆ ಹಾಕಿದೆ. ಕೊನೆಗೆ ಯೋಮ್ ಕಿಪ್ಪುರ್ ಶುರುವಾಗುವ ಸಂಜೆ, ಸೂರ್ಯ ಮುಳುಗುವ ಸ್ವಲ್ಪ ಮೊದಲು, ಫೋನಿನಲ್ಲಿದ್ದ ಎಲ್ಲರಿಗೂ ಒಂದೇ ವಾಟ್ಸಾಪ್ ಮೆಸೇಜ್ ಕಳಿಸಿದೆ: ‘ಗೊತ್ತಿದ್ದೋ ಗೊತ್ತಿಲ್ಲದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ.’ ಅಕ್ಕನಿಗೂ ಅದೇ ಹೋಯಿತು.

ಇಲ್ಲಿ ಇಸ್ರೇಲ್‌ನಲ್ಲಿ ಇಂಥ ಮೆಸೇಜ್ ಎಲ್ಲರೂ ಕಳಿಸುತ್ತಾರೆ. ನೀವೂ ಕಳಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ತಪ್ಪಾಗಿದೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ‘ಆಗಿದ್ದರೆ’ ಅಂತ ಬರೆದೆ. ಬಳೆಯ ಮಾತೇ ಎತ್ತಲಿಲ್ಲ. ಅಕ್ಕನ ಹೆಸರು ಕೆಡಿಸಿದ್ದು ನೆಂಟರ ಮುಂದೆ. ಆ ನೆಂಟರಿಗೆ ‘ನಾನು ಹೇಳಿದ್ದು ಸುಳ್ಳು’ ಅಂತ ತಿಳಿಸಲೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಇದು: ಮೆಸೇಜ್ ಕಳಿಸಿ ಫೋನ್ ಆಫ್ ಮಾಡಿ ಹಬ್ಬದ ಮೊದಲ ಪ್ರಾರ್ಥನೆ ‘ಕೋಲ್ ನಿದ್ರೇ’ಗೆ ಹೊರಟೆ. ಅವಳು ಬೈಯಬೇಕು, ಅಳಬೇಕು ಅಂದರೆ ಹಬ್ಬ ಮುಗಿಯುವವರೆಗೆ 25 ಗಂಟೆ ಕಾಯಬೇಕಿತ್ತು. ಉತ್ತರ ಕೇಳಿಸಿಕೊಳ್ಳಲು ತಯಾರಿಲ್ಲದವಳು ಕ್ಷಮೆ ಕೇಳಿದಂತಾಯಿತೇ?

ಅಕ್ಕ ಮೆಸೇಜ್ ನೋಡಿದಳು. ಉತ್ತರ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಅವಳ ಮಗಳ ಮದುವೆಯಾಯಿತು. ನನಗೆ ಹೇಳಲಿಲ್ಲ. ಮೆಹಂದಿಯ ಫೋಟೊಗಳನ್ನು ಬೇರೆಯವರ ಸ್ಟೇಟಸ್‌ನಲ್ಲಿ ನೋಡಿದೆ. ನಾನು ಎತ್ತಿ ಆಡಿಸಿದ ಹುಡುಗಿ ಅವಳು.

ನಮ್ಮ ಧರ್ಮನಿಯಮಗಳ ಹಳೆಯ ಗ್ರಂಥ ಮಿಶ್ನಾದಲ್ಲಿ ಯೋಮಾ ಅಂತ ಒಂದು ಭಾಗ ಇದೆ. ಅದರ ಎಂಟನೇ ಅಧ್ಯಾಯದ ಕೊನೆ ಓದಿ. ದೇವರಿಗೂ ನಿಮಗೂ ನಡುವಿನ ತಪ್ಪನ್ನು ಯೋಮ್ ಕಿಪ್ಪುರ್ ತೊಳೆಯುತ್ತದೆ. ಇನ್ನೊಬ್ಬ ಮನುಷ್ಯನಿಗೆ ಮಾಡಿದ್ದನ್ನು, ಅವನನ್ನು ಸಮಾಧಾನಪಡಿಸುವವರೆಗೆ ತೊಳೆಯುವುದಿಲ್ಲ. 12ನೇ ಶತಮಾನದ ಧರ್ಮಪಂಡಿತ ರಂಬಮ್ (ಮೈಮೊನಿಡೀಸ್) ಇದನ್ನು ಇನ್ನೂ ಮುಂದಕ್ಕೆ ಒಯ್ದು ದಾರಿ ಹೇಳಿದ್ದಾರೆ. ಕ್ಷಮಿಸಲು ಒಪ್ಪದಿದ್ದರೆ ಮೂರು ಜನರನ್ನು ಕರೆದುಕೊಂಡು ಹೋಗಿ ಕೇಳಬೇಕು. ಆಗಲೂ ಒಪ್ಪದಿದ್ದರೆ ಎರಡನೇ ಸಲ, ಮೂರನೇ ಸಲ.

ನಾನು ಹುಬ್ಬಳ್ಳಿಗೆ ಹೋದೆ. ಯಾರ ಹತ್ತಿರ ಸುಳ್ಳು ಹೇಳಿದ್ದೆನೋ ಅದೇ ಮೂವರಿಗೆ ಮೊದಲು ನಿಜ ಹೇಳಿ, ಅವರನ್ನೇ ಕರೆದುಕೊಂಡು ಅಕ್ಕನ ಮನೆಗೆ ಹೋದೆ. ‘ಊರಿಗೆಲ್ಲ ಕಳಿಸಿದ್ದನ್ನೇ ನನಗೂ ಕಳಿಸಿದ್ದೆಯಲ್ಲೇ’ ಅಂದಳು. ಬಳೆಗಿಂತ ಅದೇ ಅವಳಿಗೆ ಜಾಸ್ತಿ ನೋವಾಗಿತ್ತು. ಈಗ ಮಾತಾಡುತ್ತಾಳೆ. ಪೂರ್ತಿ ಮೊದಲಿನಂತೆ ಆಗಿಲ್ಲ.

ಹಾಗಾಗಿ ಸಿನಗಾಗ್ ಇಲ್ಲದಿರುವುದು ನಿಮ್ಮ ತೊಂದರೆ ಅಂತ ನಾನು ಒಪ್ಪುವುದಿಲ್ಲ. ಪುಸ್ತಕಕ್ಕೆ ಯಾವುದಾದರೂ ಸೆಫಾರ್ದಿ ಮಹ್ಜೋರ್ (ಹಬ್ಬದ ಪ್ರಾರ್ಥನೆ ಪುಸ್ತಕ) ಸಾಕು. ತಪ್ಪೊಪ್ಪಿಗೆಯ ಪ್ರಾರ್ಥನೆ ವಿದ್ದುಯ್ ಅನ್ನು ಮನೆಯಲ್ಲಿ ಒಬ್ಬರೇ ಹೇಳಬಹುದು. ಜನರ ನಡುವೆ ಇರಬೇಕು ಅನ್ನಿಸಿದರೆ ಮುಂಬೈಗೆ ಹೋಗಿ. 1796ರಲ್ಲಿ ನಮ್ಮವರೇ ಸ್ಥಾಪಿಸಿದ ಶಾರ್ ಹರಹಮೀಮ್ ಸಿನಗಾಗ್ ಅಲ್ಲಿದೆ. ಉಪವಾಸಕ್ಕೆ ನಾಲ್ಕು ದಿನ ಮೊದಲಿನಿಂದ ಕಾಫಿ ಕಡಿಮೆ ಮಾಡಿ. ನೀರೂ ಕುಡಿಯುವಂತಿಲ್ಲ, ಹಾಗಾಗಿ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಕೇಳದೆ ಮಾಡಬೇಡಿ. ಜೀವಕ್ಕೆ ಅಪಾಯ ಇದ್ದರೆ ತಿನ್ನಲೇಬೇಕು ಅನ್ನುತ್ತದೆ ನಮ್ಮ ಧರ್ಮ.

ತಮ್ಮನ ವಿಷಯದಲ್ಲಿ ತಪ್ಪು ಯಾರದ್ದು ಅಂತ ನೀವು ಬರೆದಿಲ್ಲ. ಅವನದೇ ಜಾಸ್ತಿ ಇರಬಹುದು. ನಿಮ್ಮ ಪಾಲಿನದನ್ನು ಮಾತ್ರ ಹೇಳಿ. ಏನು ಮಾಡಿದಿರೋ ಅದನ್ನೇ ಬಾಯಿಬಿಟ್ಟು ಹೇಳಿ. ದುಡ್ಡೋ ಒಡವೆಯೋ ಕೊಡುವುದಿದ್ದರೆ ಮೊದಲು ಅದನ್ನು ಕೊಟ್ಟುಬಿಡಿ. ಮೆಸೇಜ್ ಬೇಡ, ಫೋನ್ ಮಾಡಿ. ಅದೂ ಹಬ್ಬದ ಹಿಂದಿನ ದಿನ ಅಲ್ಲ, ರೋಶ್ ಹೋದೆಶ್ ಎಲುಲ್, ಅಂದರೆ ಎಲುಲ್ ತಿಂಗಳು ಶುರುವಾಗುವ ದಿನವೇ. ಅಲ್ಲಿಂದ ಯೋಮ್ ಕಿಪ್ಪುರ್‌ಗೆ 40 ದಿನ ಇರುತ್ತದೆ. ಮೊದಲ ಸಲ ಅವನು ಎತ್ತದಿದ್ದರೆ ಮತ್ತೆ ಮಾಡಲು, ಬೇಕಾದರೆ ಅವನ ಊರಿಗೇ ಹೋಗಿ ಬರಲು ಅಷ್ಟು ಸಮಯ ಸಾಕು.