ನಾಯಿಗೆ ಕೊಟ್ಟ ವಿಟಮಿನ್ ಕೆ ಕೊಳಕುಮಂಡಲದ ಕಡಿತಕ್ಕೆ ಏಕಿಲ್ಲ?

ಓದುಗರ ಪತ್ರ: ಇಲಿಗೆಂದು ಇಟ್ಟಿದ್ದ ಬಿಲ್ಲೆಯನ್ನು ನಮ್ಮ ನಾಯಿ ತಿಂದಿತು. ಮೂರನೇ ದಿನ ಮೂಗಿನಲ್ಲಿ ರಕ್ತ. ರಕ್ತ ಹೆಪ್ಪುಗಟ್ಟುತ್ತಿಲ್ಲ ಎಂದು ಪಶುವೈದ್ಯರು ವಿಟಮಿನ್ ಕೆ ಕೊಟ್ಟರು, ಬದುಕಿತು. ಅದೇ ತಿಂಗಳು ಪಕ್ಕದ ಗದ್ದೆಯವರಿಗೆ ಕೊಳಕುಮಂಡಲ ಕಚ್ಚಿತು. ಆಸ್ಪತ್ರೆಯಲ್ಲಿ ಅವರ ರಕ್ತವನ್ನು ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಸುಮ್ಮನೆ ಕಾದರು. ಅವರದ್ದೂ ಹೆಪ್ಪುಗಟ್ಟಲಿಲ್ಲ. ಆದರೆ ವಿಟಮಿನ್ ಕೆ ಪ್ರಯೋಜನವಿಲ್ಲ ಎಂದರು. ಪ್ರತಿವಿಷ ಕೊಟ್ಟ ಮೇಲೂ ಆರು ಗಂಟೆ ಕಾಯಿಸಿ ಮತ್ತೆ ಅದೇ ಪರೀಕ್ಷೆ ಮಾಡಿದರು. ರೋಗ ಒಂದೇ ಆದರೆ ಮದ್ದು ಬೇರೆ ಏಕೆ? ಜೊತೆಗೆ ಈಶ್ವರಿ ಬೇರಿನ ಕಷಾಯ ಕುಡಿಸಬಹುದಿತ್ತೇ?

ಸಂಪಾದಕರ ಉತ್ತರ: ಕೊಳವೆಯಲ್ಲಿ ನೋಡಿದರೆ ಎರಡು ರಕ್ತವೂ ಒಂದೇ ಥರ, ನೀರಿನ ಹಾಗೆ. ಆದರೆ ಅಲ್ಲಿಗೆ ತಲುಪಿದ ದಾರಿ ತದ್ವಿರುದ್ಧ. ಇಲಿಪಾಷಾಣ ಹೆಪ್ಪಿನ ಸಾಮಗ್ರಿ ತಯಾರಾಗದಂತೆ ತಡೆಯುತ್ತದೆ. ಕೊಳಕುಮಂಡಲದ ವಿಷ ತಯಾರಾಗಿ ಇರುವುದನ್ನೆಲ್ಲ ಖರ್ಚು ಮಾಡಿ ಮುಗಿಸುತ್ತದೆ. ನಿಮ್ಮ ಪತ್ರದ ಅಷ್ಟೂ ಪ್ರಶ್ನೆಗಳಿಗೆ ಉತ್ತರ ಈ ವ್ಯತ್ಯಾಸದಲ್ಲೇ ಇದೆ.

ಮೊದಲು ನಾಯಿಯ ವಿಷಯ. ಇಲಿ ಬಿಲ್ಲೆಗಳಲ್ಲಿ ಸಾಮಾನ್ಯವಾಗಿ ಇರುವುದು ಬ್ರೋಮಾಡಿಯೊಲೋನ್. ಅದರ ಮೂಲ ಒಂದು ಮೇವಿನ ಗಿಡ. 1920ರ ದಶಕದಲ್ಲಿ ಕೆನಡಾದಲ್ಲೂ ಅಮೆರಿಕದ ಉತ್ತರ ಭಾಗದಲ್ಲೂ ಕೊಂಬು ಕತ್ತರಿಸಿದ ದನಗಳು ರಕ್ತ ನಿಲ್ಲದೆ ಸಾಯುತ್ತಿದ್ದವು. ಸ್ವೀಟ್ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದಾಗ ಮಾತ್ರ ಹೀಗಾಗುತ್ತದೆ ಎಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಪತ್ತೆ ಮಾಡಿದರು. ಹಸಿ ಗಿಡದಲ್ಲಿರುವ ಕೂಮರಿನ್ ನಿರಪಾಯಕಾರಿ ಸುವಾಸನೆ ಅಷ್ಟೇ. ಬೂಷ್ಟು ಅದನ್ನು ಡೈಕೂಮರಾಲ್ ಆಗಿ ಬದಲಿಸುತ್ತದೆ. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಹೆಪ್ಪುಗಟ್ಟದ ರಕ್ತವನ್ನು ಹಾಲಿನ ಕ್ಯಾನ್‌ನಲ್ಲಿ ತುಂಬಿಕೊಂಡು ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ತಂದ. ಅಲ್ಲಿಂದ ಶುರುವಾದ ಕೆಲಸದಿಂದ ಡೈಕೂಮರಾಲ್ ಬೇರ್ಪಟ್ಟಿತು. ಅದರ ಜಾಡಿನಲ್ಲೇ ಹುಟ್ಟಿದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಬ್ರೋಮಾಡಿಯೊಲೋನ್ ಅದೇ ವಂಶದ ಕಿರಿಯ, ಹೆಚ್ಚು ಪ್ರಬಲ ಸದಸ್ಯ.

ಹೆಪ್ಪುಗಟ್ಟಿಸುವ ಘಟಕಗಳಲ್ಲಿ 2, 7, 9 ಮತ್ತು 10 ಎಂಬ ಸಂಖ್ಯೆಯವನ್ನು ಪೂರ್ತಿ ತಯಾರಿಸಲು ಲಿವರ್‌ಗೆ ವಿಟಮಿನ್ ಕೆ ಬೇಕು. ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಹದಗೊಳಿಸಿಕೊಂಡು ಬಳಸುತ್ತದೆ. ಇಲಿಪಾಷಾಣ ಅಡ್ಡಗಾಲು ಹಾಕುವುದು ಆ ಹಂತದಲ್ಲಿ. ರಕ್ತದಲ್ಲಿ ಆಗಲೇ ಇರುವ ದಾಸ್ತಾನನ್ನು ಅದು ಮುಟ್ಟುವುದಿಲ್ಲ. ಆ ದಾಸ್ತಾನು ಕರಗುವವರೆಗೆ ನಾಯಿ ಆರಾಮವಾಗಿಯೇ ಓಡಾಡಿಕೊಂಡಿರುತ್ತದೆ, ಮೂರನೇ ದಿನ ರಕ್ತ ಕಾಣುತ್ತದೆ. ಹೊರಗಿನಿಂದ ವಿಟಮಿನ್ ಕೆ ಕೊಟ್ಟರೆ ಲಿವರ್ ಮತ್ತೆ ಕೆಲಸ ಶುರುಮಾಡುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಬ್ರೋಮಾಡಿಯೊಲೋನ್ ಲಿವರ್‌ನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಒಂದು ಇಂಜೆಕ್ಷನ್ನಿಗೆ ನಾಯಿ ಎದ್ದು ಕೂತಿತು ಎಂದು ಚಿಕಿತ್ಸೆ ಬಿಡಬೇಡಿ. ಸಾಮಾನ್ಯವಾಗಿ ಮೂರು–ನಾಲ್ಕು ವಾರ ಮಾತ್ರೆ ಬೇಕಾಗುತ್ತದೆ. ಮಾತ್ರೆ ನಿಲ್ಲಿಸಿದ 48 ಗಂಟೆಗೆ ರಕ್ತ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು.

ಈಗ ಕೊಳಕುಮಂಡಲ. ಇದರ ವಿಷದಲ್ಲಿರುವ ಒಂದು ಕಿಣ್ವ 10ನೇ ಘಟಕವನ್ನು, ಇನ್ನೊಂದು 5ನೇ ಘಟಕವನ್ನು ಎಬ್ಬಿಸುತ್ತದೆ. ಎರಡೂ ಸೇರಿದರೆ ಥ್ರಾಂಬಿನ್ ಧಾರಾಳವಾಗಿ ಹುಟ್ಟುತ್ತದೆ, ಥ್ರಾಂಬಿನ್ ಫೈಬ್ರಿನೋಜನ್ನನ್ನು ಹೆಪ್ಪಿನ ಎಳೆಗಳಾಗಿ ಮಾಡುತ್ತದೆ. ಅಂದರೆ ಈ ವಿಷ ಮಾಡುವುದು ಹೆಪ್ಪುಗಟ್ಟಿಸುವ ಕೆಲಸವನ್ನೇ. 1934ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಇದೇ ವಿಷವನ್ನು ಹತ್ತು ಸಾವಿರ ಪಟ್ಟು ತೆಳುಮಾಡಿ, ಹಿಮೋಫಿಲಿಯಾ (ಹುಟ್ಟಿನಿಂದಲೇ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರ ಹಲ್ಲು ಕಿತ್ತ ಜಾಗಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದರು. ಇವತ್ತಿಗೂ ಲೂಪಸ್ ಆ್ಯಂಟಿಕೊಯಾಗ್ಯುಲಂಟ್ ಎಂಬ, ಹೆಪ್ಪುಗಟ್ಟುವ ಪರೀಕ್ಷೆಯನ್ನು ಏರುಪೇರು ಮಾಡುವ ಪ್ರತಿಕಾಯವನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ತೆಳುಮಾಡಿದ ಕೊಳಕುಮಂಡಲದ ವಿಷವನ್ನೇ ಬಳಸುತ್ತಾರೆ.

ಹಾಗಿದ್ದರೆ ಕಚ್ಚಿಸಿಕೊಂಡವರ ರಕ್ತ ಗಟ್ಟಿಯಾಗಬೇಕಿತ್ತಲ್ಲ? ಹಾಲಿಗೆ ಹಾಕುವ ಹೆಪ್ಪನ್ನು ನೆನಪಿಸಿಕೊಳ್ಳಿ. ಒಂದು ಚಮಚ ಸಾಕು, ಪಾತ್ರೆಯ ಹಾಲೆಲ್ಲ ಮೊಸರು. ಕಿಣ್ವಗಳೂ ಹಾಗೆಯೇ, ಸ್ವಲ್ಪವೇ ಇದ್ದು ಬಹಳ ಕೆಲಸ ಮಾಡುತ್ತವೆ. ವಯಸ್ಕರ ರಕ್ತದಲ್ಲಿ ಸುಮಾರು 9 ಗ್ರಾಂ ಫೈಬ್ರಿನೋಜನ್ ಇರುತ್ತದೆ. ಕೊಳಕುಮಂಡಲ ಒಂದು ಕಡಿತದಲ್ಲಿ ಬಿಡುವುದು ಸರಾಸರಿ 63 ಮಿಲಿಗ್ರಾಂ ವಿಷ. ಆ 9 ಗ್ರಾಂ ಬರಿದಾಗಲು ಅಷ್ಟು ಸಾಕು. ಹರಿಯುವ ರಕ್ತದಲ್ಲಿ ಹುಟ್ಟಿದ ಹೆಪ್ಪಿನ ಎಳೆಗಳನ್ನು ದೇಹ ಕೂಡಲೇ ಕರಗಿಸಲು ತೊಡಗುತ್ತದೆ, ಕೆಲವು ಕಿಡ್ನಿಯ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಕಡೆಗೆ ಉಳಿಯುವುದು ಹೆಪ್ಪುಗಟ್ಟಲು ಏನೂ ಇಲ್ಲದ ರಕ್ತ. ವಿಷದಲ್ಲಿರುವ ಬೇರೆ ಕಿಣ್ವಗಳು ರಕ್ತನಾಳದ ಗೋಡೆಯನ್ನೂ ಕೊರೆಯುವುದರಿಂದ ಒಸಡು, ಮೂತ್ರ, ಕಚ್ಚಿದ ಗಾಯ ಎಲ್ಲೆಡೆ ರಕ್ತ ಜಿನುಗುತ್ತದೆ. ಬಯಲುಸೀಮೆಯ ಗರಗಸ ಮಂಡಲದ ವಿಷ ಇನ್ನೂ ನೇರ. ಅದು 5ನ್ನೂ 10ನ್ನೂ ಬಿಟ್ಟು ಸೀದಾ 2ನೇ ಘಟಕಕ್ಕೇ (ಥ್ರಾಂಬಿನ್ ಹುಟ್ಟುವುದು ಇದರಿಂದಲೇ) ಕೈಹಾಕುತ್ತದೆ.

ಇಲ್ಲಿ ಲಿವರ್‌ಗೆ ವಿಟಮಿನ್ ಕೆ ಕೊರತೆ ಆಗಿಯೇ ಇಲ್ಲ. ಅದು ತಯಾರಿಸಿ ಕಳಿಸಿದ್ದನ್ನು ವಿಷ ಅಲ್ಲಲ್ಲೇ ಮುಗಿಸುತ್ತಿದೆ. ಫೈಬ್ರಿನೋಜನ್‌ಗಂತೂ ವಿಟಮಿನ್ ಕೆ ಬೇಕಾಗಿಯೇ ಇಲ್ಲ. ಪ್ರತಿವಿಷ ಕೊಡದೆ ಬರೀ ಪ್ಲಾಸ್ಮಾ ಏರಿಸಿದರೂ ಇದೇ ಗತಿ, ಉರಿಯುವ ಒಲೆಗೆ ಸೌದೆ ಒಟ್ಟಿದ ಹಾಗೆ. ವಿಷವನ್ನು ಹಿಡಿದು ಕಟ್ಟಿಹಾಕುವುದು ಪ್ರತಿವಿಷವೊಂದೇ. ನಮ್ಮಲ್ಲಿ ಸಿಗುವ ಪ್ರತಿವಿಷ ಪ್ರತಿ ಮಿಲಿಲೀಟರ್‌ಗೆ 0.6 ಮಿಲಿಗ್ರಾಂ ಕೊಳಕುಮಂಡಲದ ವಿಷವನ್ನು ನಿಷ್ಕ್ರಿಯಗೊಳಿಸುವ ಲೆಕ್ಕದ್ದು. 10 ಮಿಲಿಲೀಟರಿನ 10 ವಯಲ್ ಅಂದರೆ 60 ಮಿಲಿಗ್ರಾಂ. ಮೊದಲ ಸುತ್ತಿಗೆ 8ರಿಂದ 10 ವಯಲ್ ಎಂಬ ನಿಯಮ ಬಂದದ್ದು ಹೀಗೆ. ಮಕ್ಕಳಿಗೂ ಅಷ್ಟೇ ಪ್ರಮಾಣ: ಮಗು ಚಿಕ್ಕದೆಂದು ಹಾವು ವಿಷವನ್ನು ಕಡಿಮೆ ಬಿಡುವುದಿಲ್ಲ. ಪ್ರತಿವಿಷ ಕುದುರೆಯ ರಕ್ತದಿಂದ ತಯಾರಾಗುವುದರಿಂದ ತೀವ್ರ ಅಲರ್ಜಿ ಆಗಬಹುದು, ಅಡ್ರಿನಲಿನ್ ತುಂಬಿದ ಸಿರಿಂಜ್ ಪಕ್ಕದಲ್ಲಿ ಇಟ್ಟುಕೊಂಡೇ ಶುರುಮಾಡಬೇಕು.

ಪ್ರತಿವಿಷ ವಿಷವನ್ನು ತಡೆಯುತ್ತದೆಯೇ ಹೊರತು ಖಾಲಿಯಾದ ಉಗ್ರಾಣವನ್ನು ತುಂಬುವುದಿಲ್ಲ. ತುಂಬಬೇಕಾದ್ದು ಲಿವರ್, ಅದಕ್ಕೆ ಸುಮಾರು ಆರು ಗಂಟೆ ಬೇಕು. ನಿಮ್ಮ ನೆರೆಯವರನ್ನು ಕಾಯಿಸಿದ್ದು ಇದಕ್ಕೇ. ಎರಡು ಗಂಟೆಗೇ ಪರೀಕ್ಷಿಸಿ ‘ಇನ್ನೂ ಹೆಪ್ಪುಗಟ್ಟಿಲ್ಲ’ ಎಂದು ಮತ್ತೆ ಹತ್ತು ವಯಲ್ ಹಾಕಿದರೆ ಔಷಧಿ ವ್ಯರ್ಥ, ಅಲರ್ಜಿಯ ಅಪಾಯ ಬೇರೆ. ಆರು ಗಂಟೆಯ ನಂತರವೂ ರಕ್ತ ನೀರಾಗಿಯೇ ಇದ್ದರೆ ಮಾತ್ರ ಎರಡನೇ ಸುತ್ತು.

ಆ ಪರೀಕ್ಷೆ ನೋಡಲು ಸರಳ, ಕೆಡುವುದೂ ಅಷ್ಟೇ ಸುಲಭ. ಹೊಸದಾದ, ಒಣಗಿದ ಗಾಜಿನ ಕೊಳವೆಗೆ ರಕ್ತನಾಳದಿಂದ ತೆಗೆದ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಿಸದೆ 20 ನಿಮಿಷ ನಿಲ್ಲಿಸಿ, ಒಂದೇ ಸಲ ಬಗ್ಗಿಸಬೇಕು. ಹೆಪ್ಪುಗಟ್ಟಿದ್ದರೆ ಕೊಳವೆ ಬಗ್ಗಿದರೂ ರಕ್ತ ತಳಕ್ಕೆ ಅಂಟಿಕೊಂಡಿರುತ್ತದೆ, ಇಲ್ಲದಿದ್ದರೆ ಗೋಡೆಗುಂಟ ಹರಿದು ಬಾಯಿಗೆ ಬರುತ್ತದೆ. ಗಾಜೇ ಬೇಕು, ಏಕೆಂದರೆ ಗಾಜಿನ ಮೈ ತಾಗಿದಾಗಲೇ 12ನೇ ಘಟಕ ಚುರುಕಾಗಿ ಹೆಪ್ಪುಗಟ್ಟುವ ಸರಣಿ ಹೊರಡುತ್ತದೆ. ಪ್ಲಾಸ್ಟಿಕ್ ಕೊಳವೆಯಲ್ಲಿ, ಸೋಪಿನಿಂದ ತೊಳೆದು ಮರುಬಳಸಿದ ಗಾಜಿನಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೇ ಇರಬಹುದು. ಐದೈದು ನಿಮಿಷಕ್ಕೆ ಎತ್ತಿ ಎತ್ತಿ ನೋಡಿದರೂ ಹೆಪ್ಪು ಕದಡುತ್ತದೆ. ಸಂಶಯವಿದ್ದರೆ ಆರೋಗ್ಯವಂತರೊಬ್ಬರ ರಕ್ತವನ್ನು ಪಕ್ಕದ ಕೊಳವೆಯಲ್ಲಿಟ್ಟು ಹೋಲಿಸಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಮೂತಿ ಮೇಲಕ್ಕೆ ಚೂಪಾಗಿ ಎದ್ದಿರುವ ಸಣ್ಣ ಗುಳಿಮಂಡಲವೊಂದು ತೋಟಗಳಲ್ಲಿದೆ. ಅದರ ಕಡಿತದಿಂದಲೂ ಕೆಲವರಲ್ಲಿ ರಕ್ತ ಹೆಪ್ಪುಗಟ್ಟುವುದು ನಿಲ್ಲುತ್ತದೆ, ಕಿಡ್ನಿ ಸೋಲುತ್ತದೆ. ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾತ್ರ, ಇದಕ್ಕೆ ಕೆಲಸ ಮಾಡುವುದಿಲ್ಲ. ಹಾವನ್ನು ಹಿಡಿಯಲು ಹೋಗಬೇಡಿ, ದೂರದಿಂದ ಫೋಟೊ ಸಿಕ್ಕಿದರೆ ವೈದ್ಯರಿಗೆ ತೋರಿಸಿ.

ಈಶ್ವರಿ ಬೇರು ಖಂಡಿತ ಬೇಡ. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿಯನ್ನು ಹಾಳುಮಾಡುತ್ತದೆ. ಕೊಳಕುಮಂಡಲದ ವಿಷ ಮೊದಲು ಏಟು ಕೊಡುವ ಅಂಗಗಳಲ್ಲಿ ಕಿಡ್ನಿಯೂ ಒಂದು. ಗಾಯ ಕೊಯ್ಯುವುದೂ ಬೇಡ, ಹೆಪ್ಪುಗಟ್ಟದ ರಕ್ತಕ್ಕೆ ನೀವೇ ಬಾಗಿಲು ತೆರೆದಂತೆ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ನೋವಿಗೆ ಆಸ್ಪಿರಿನ್, ಡೈಕ್ಲೋಫೆನಾಕ್ ಕೊಡಬೇಡಿ. ಅವು ಪ್ಲೇಟ್‌ಲೆಟ್‌ಗಳ ಕೆಲಸಕ್ಕೆ ಅಡ್ಡಿಮಾಡುತ್ತವೆ, ಪ್ಯಾರಾಸಿಟಮಾಲ್ ಸಾಕು. ಉಂಗುರ, ಬಳೆ, ಕಾಲುಂಗುರ ತೆಗೆದು, ಕಚ್ಚಿದ ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ನಡೆಸದೆ 108ರಲ್ಲಿ ಕಳಿಸಿ.

ನಿಮ್ಮ ನೆರೆಯವರು ಮನೆಗೆ ಬಂದಿದ್ದಾರೆ ಎಂದುಕೊಳ್ಳುತ್ತೇವೆ. ಕಚ್ಚಿದ ಜಾಗದಲ್ಲಿ ಉಳಿದ ವಿಷ ನಿಧಾನವಾಗಿ ರಕ್ತಕ್ಕೆ ಸೇರಿ, ಒಮ್ಮೆ ಸರಿಹೋದ ಹೆಪ್ಪುಗಟ್ಟುವಿಕೆ ಕೆಲವೇ ದಿನಗಳಲ್ಲಿ ಮತ್ತೆ ಕೆಡುವುದುಂಟು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ ಬಂದರೆ, ಮೂತ್ರ ಕಡಿಮೆಯಾದರೆ, ಅಥವಾ ಅದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ, ಬೆಳಗಾಗಲಿ ಎಂದು ಕಾಯದೆ ಅದೇ ಆಸ್ಪತ್ರೆಗೆ ಮತ್ತೆ ಕರೆದೊಯ್ಯಲು ಅವರ ಮನೆಯವರಿಗೆ ತಿಳಿಸಿ.