ಬೋರ್ಡ್ ಇದ್ದರೂ ಜನ ನೀರಿಗೆ ಇಳಿಯುತ್ತಾರಲ್ಲ, ಯಾಕೆ?

ಕುಮಟಾದ ಓದುಗರೊಬ್ಬರು ಬೇಸರದಿಂದ ಬರೆದಿದ್ದಾರೆ: ಗೋಕರ್ಣದ ಕಡಲ ದಂಡೆಯಲ್ಲಿ 'ಅಪಾಯ, ನೀರಿಗೆ ಇಳಿಯಬೇಡಿ' ಎಂಬ ಬೋರ್ಡಿನ ಬುಡದಲ್ಲೇ ಚಪ್ಪಲಿ ಬಿಟ್ಟು ಜನ ನೀರಿಗೆ ಹೋಗುತ್ತಾರೆ, ಇನ್ನು ಬೋರ್ಡಿಗೆ ದುಡ್ಡು ಸುರಿಯುವುದು ಬಿಟ್ಟು ಪೊಲೀಸರನ್ನು ನಿಲ್ಲಿಸಿ ಅಂತ.

ನಿಮ್ಮ ಸಂಕಟ ನಮ್ಮದೂ ಹೌದು. ಆದರೆ ಬೋರ್ಡೇ ಬೇಡ ಅನ್ನುವುದನ್ನು ಒಪ್ಪಲಾರೆ. ಆ ಬೋರ್ಡು ಜನವರಿಯಲ್ಲೂ ಅದನ್ನೇ ಹೇಳುತ್ತದೆ, ಜೂನ್‌ನಲ್ಲೂ ಅದನ್ನೇ. ಜನವರಿಯಲ್ಲಿ ಸಮುದ್ರ ಶಾಂತವಾಗಿರುತ್ತದೆ, ಇಳಿದವರು ನಗುತ್ತಾ ಹೊರಗೆ ಬರುತ್ತಾರೆ. ಒಮ್ಮೆ ಹಾಗೆ ಬಂದವರು ಮಳೆಗಾಲದಲ್ಲಿ ಅದನ್ನು ಯಾಕೆ ನಂಬಬೇಕು? ಹೆದ್ದಾರಿ 66ರಲ್ಲೂ ಇದೇ ಕತೆ. ಕೆಲಸ ಮುಗಿದ ಮೇಲೂ 'ಕಾಮಗಾರಿ ನಡೆಯುತ್ತಿದೆ, ನಿಧಾನವಾಗಿ ಚಲಿಸಿ' ಅಂತ ನಿಂತೇ ಇದ್ದರೆ, ನಿಜವಾಗಿ ರಸ್ತೆ ಅಗೆದಿರುವ ಕಡೆಯೂ ಯಾರೂ ಬ್ರೇಕ್ ಒತ್ತುವುದಿಲ್ಲ.

ಬಂದರುಗಳಲ್ಲಿ ಏರಿಸುವ ಬಿರುಗಾಳಿ ಸೂಚನೆಯನ್ನು ನೋಡಿ. 1ರಿಂದ 11ರವರೆಗೆ ನಂಬರುಗಳಿವೆ. ಹಗಲು ಕಂಬದ ಮೇಲೆ ಗುರುತು, ರಾತ್ರಿ ಕೆಂಪು-ಬಿಳಿ ದೀಪ. 3ನೇ ನಂಬರ್ ಏರಿತೆಂದರೆ ಬಂದರಿಗೇ ಗಾಳಿಯ ಹೊಡೆತ ಬೀಳಬಹುದು ಎಂದರ್ಥ. ಅಪಾಯ ಕಳೆದ ಮೇಲೆ ಅದನ್ನು ಇಳಿಸುತ್ತಾರೆ, ಇಳಿಸುತ್ತಾರೆ ಅನ್ನುವುದಕ್ಕೇ ಏರಿದಾಗ ಅದಕ್ಕೆ ಬೆಲೆ. ಬೀಚಿನ ಬಾವುಟಗಳ ಲೆಕ್ಕವೂ ಹೀಗೆಯೇ: ಕೆಂಪು ಹಾರಿದರೆ ಇಳಿಯುವಂತಿಲ್ಲ, ಕೆಂಪು-ಹಳದಿ ಬಾವುಟಗಳ ನಡುವಿನ ಜಾಗವನ್ನು ಜೀವರಕ್ಷಕರು ಕಾಯುತ್ತಿರುತ್ತಾರೆ. ಇದನ್ನು ದಿನಾ ಬೆಳಿಗ್ಗೆ ಸಮುದ್ರ ನೋಡಿ ಬದಲಿಸಲು ಒಬ್ಬ ಮನುಷ್ಯ ಬೇಕು, ಅಷ್ಟೇ.

ಇನ್ನೊಂದು ಮಾತು. 'ಇಳಿಯಬೇಡಿ' ಅಂತ ಬರೆದರೆ ಸಾಲದು, ಯಾಕೆ ಅಂತ ಹೇಳಬೇಕು. ಹುಬ್ಬಳ್ಳಿ, ಗದಗ ಕಡೆಯಿಂದ ಬಂದು ಮೊದಲ ಸಲ ಸಮುದ್ರ ನೋಡುವವರು ದೊಡ್ಡ ಅಲೆಗೆ ಹೆದರಿ, ಅಲೆ ಒಡೆಯದ ಸಪಾಟು ಜಾಗ ಹುಡುಕುತ್ತಾರೆ. ಎಷ್ಟೋ ಸಲ ಸೆಳೆತ ಇರುವುದು ಅಲ್ಲೇ! ದಡಕ್ಕೆ ಬಂದ ನೀರು ವಾಪಸ್ ಹೋಗುವ ದಾರಿ ಅದು. ಅದು ಕೆಳಗೆ ಎಳೆಯುವುದಿಲ್ಲ, ಸಮುದ್ರದ ಒಳಕ್ಕೆ ಒಯ್ಯುತ್ತದೆ. ಸಿಕ್ಕವರು ನೇರ ದಡಕ್ಕೆ ಈಜಲು ಹೋಗಿ ಸುಸ್ತಾಗಿ ಮುಳುಗುತ್ತಾರೆ. ಮಾಡಬೇಕಾದದ್ದು ಗಾಬರಿಯಾಗದೆ ತೇಲುತ್ತಾ ಕೈ ಎತ್ತಿ ಕೂಗುವುದು, ಈಜು ಬಂದರೆ ದಡದ ಗುಂಟ ಪಕ್ಕಕ್ಕೆ ಸರಿದು ಆಮೇಲೆ ದಡಕ್ಕೆ ತಿರುಗುವುದು. ಇದನ್ನು ಒಂದು ಚಿತ್ರ ಮತ್ತು ಎರಡು ಸಾಲು ಕನ್ನಡದಲ್ಲಿ ಹೇಳಬಹುದು, ಅಲ್ವಾ?

ಆ ಬೋರ್ಡು ಇರಬೇಕಾದದ್ದೂ ಅಲೆಗಳ ಎದುರಲ್ಲಲ್ಲ, ಬಸ್ಸು, ಟೆಂಪೋ ನಿಲ್ಲುವ ಪಾರ್ಕಿಂಗ್ ಹತ್ತಿರ. ಮರಳಿಗೆ ಕಾಲಿಟ್ಟ ಮಕ್ಕಳು ಏನನ್ನೂ ಓದುವುದಿಲ್ಲ, ಸುಮ್ನೆ ಓಡುತ್ತಾರೆ. ಪೊಲೀಸರು ಬೇಕು ನಿಜ, ಆದರೆ ಇಷ್ಟುದ್ದದ ಕರಾವಳಿಗೆಲ್ಲ ಎಲ್ಲಿಂದ ತರೋಣ? ನಿಮ್ಮೂರಿನ ಮುಂದಿನ ಗ್ರಾಮಸಭೆಯಲ್ಲಿ ಈ ಎರಡನ್ನು ಕೇಳಿ: ದಿನಾ ಬದಲಾಗುವ ಬಾವುಟ, ಪಾರ್ಕಿಂಗಿನಲ್ಲಿ ಸೆಳೆತದ ಚಿತ್ರ. ಏನಾಯಿತು ಅಂತ ನಮಗೂ ಬರೆಯಿರಿ.

– ಸಂಪಾದಕ